ಮಡಿಚುವ ಚಾಕು, ಮಡಿಚದ ಕತ್ತಿ

ಚಾಕುವಿನ ಮಾತೆಂದರೆ ಅದು ಗಂಡಸರ ಮಾತು ಎಂದು ನಮ್ಮಲ್ಲೊಂದು ಲೆಕ್ಕ. ಬೇಟೆ, ಹೊಡೆದಾಟ, ಸಿನಿಮಾದ ಖಳನಾಯಕ, ಇಷ್ಟಕ್ಕೆ ಅದರ ಚರಿತ್ರೆ ಮುಗಿಯಿತು. ಆದರೆ ದಿನಕ್ಕೆ ಎರಡು ಹೊತ್ತು ತಪ್ಪದೆ ಅಲಗಿನ ಎದುರು ಕೂರುವವರು ಯಾರು? ಸೊಪ್ಪು, ಸುವರ್ಣಗೆಡ್ಡೆ, ಹಲಸಿನಕಾಯಿ ಎಂದು ಮೂವತ್ತು ವರ್ಷ ಹೆಚ್ಚಿದ ಕೈಗೆ ಯಾವ ಕಬ್ಬಿಣ ಎಂಥದೆಂದು ಹೇಳುವ ಹಕ್ಕು ಸ್ವಲ್ಪವಾದರೂ ಇದ್ದೀತು. ಉತ್ತರಪತ್ರಿಕೆ ತಿದ್ದುವುದು ನನ್ನ ಉದ್ಯೋಗ. ಆದ್ದರಿಂದ ಚಾಕು ಮಾಡುವವರಿಗೂ ಅಂಕ ಕೊಡಲು ಹೊರಟರೆ ಓದುಗರು ಬೇಸರಿಸಬಾರದು.

ಹೊಳಪಿಗೆ ನಾನು ಅಂಕ ಕೊಡುವುದಿಲ್ಲ. ಶಾಲೆಯ ಮೊದಲ ದಿನ ಎಲ್ಲ ಮಕ್ಕಳೂ ತಲೆ ಬಾಚಿಕೊಂಡೇ ಬರುತ್ತಾರೆ. ನಾನು ನೋಡುವುದು ಎರಡು ಜಾಗ: ಮಡಿಚುವ ಚಾಕುವಿನಲ್ಲಿ ಕೀಲು, ಮಡಿಚದ ಕತ್ತಿಯಲ್ಲಿ ಹಿಡಿಯೊಳಗೆ ಇಳಿದು ಕಣ್ಣಿಗೆ ಮರೆಯಾಗುವ ಬಾಲ. ಕೈಕೊಡುವುದು ಹೆಚ್ಚಾಗಿ ಅಲ್ಲಿಯೇ. ಕೊಳ್ಳುವವರ ಕಣ್ಣು ಹೋಗದ ಆ ಜಾಗದಲ್ಲಿ ಮಾಡಿದವರು ಎಷ್ಟು ಶ್ರದ್ಧೆ ಇಟ್ಟಿದ್ದಾರೆ ಎಂಬುದೇ ನನ್ನ ಪ್ರಶ್ನೆ.

ಮಡಿಚುವುದರಲ್ಲಿ ಎಲ್ಲರ ಬಾಯಿಗೆ ಮೊದಲು ಬರುವ ಹೆಸರು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಇಬಾಖ್ ಎಂಬಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸಿದ. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಆಕೆಯ ಹೆಸರನ್ನು ಚಾಕುವಿಗಿಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಹೆಸರಾದ 'ಇನಾಕ್ಸ್' ಅದರ ಬಾಲಕ್ಕೆ ಸೇರಿತು. ತಾಯಿಯ ಹೆಸರು ಹೊತ್ತ ಚಾಕುವನ್ನು ಕಟುವಾಗಿ ವಿಮರ್ಶಿಸಲು ಮನಸ್ಸು ಬಾರದು. ಕತ್ತರಿ, ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆ ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಆದರೆ ಆ ಪ್ರಸಿದ್ಧ ಕೆಂಪು ಚಾಕುವಿನ ಸಾಮಾನ್ಯ ಮಾದರಿಗಳಲ್ಲಿ ಅಲಗಿಗೆ ಬೀಗವಿಲ್ಲ. ಬೆನ್ನಿನ ಸ್ಪ್ರಿಂಗಿನ ಬಿಗಿಯೇ ಆಧಾರ. ಒತ್ತಡ ಹಿಮ್ಮುಖವಾಗಿ ಬಿದ್ದರೆ ಅಲಗು ಬೆರಳಿನ ಮೇಲೇ ಮಡಿಚಿಕೊಳ್ಳಬಹುದು. ಎಲ್ಲ ವಿಷಯದಲ್ಲೂ ಪಾಸಾದ ಹುಡುಗ, ಮುಖ್ಯ ವಿಷಯದಲ್ಲಿ ಮಾತ್ರ ಎರಡನೆಯ ದರ್ಜೆ.

ಮೊದಲ ಸ್ಥಾನವನ್ನು ನಾನು ಫ್ರಾನ್ಸಿನ ಒಪಿನೆಲ್‌ಗೆ ಕೊಡುತ್ತೇನೆ. ಸವಾಯ್ ಎಂಬ ಬೆಟ್ಟಸೀಮೆಯಲ್ಲಿ ಹತಾರು ಮಾಡುವ ಮನೆತನದ ಜೋಸೆಫ್ ಒಪಿನೆಲ್ 1890ರಲ್ಲಿ ಕಿಸೆಯಲ್ಲಿಡುವ ಈ ಚಾಕುವನ್ನು ರೂಪಿಸಿದ. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಳತೆಗಳನ್ನು ಗೊತ್ತುಮಾಡಿ, 1909ರಲ್ಲಿ ಕಿರೀಟವಿಟ್ಟ ಕೈಯನ್ನು ತನ್ನ ಗುರುತಾಗಿ ನೋಂದಾಯಿಸಿದ. ಎಂಟನೆಯ ನಂಬರಿನ ಅಲಗು 8.5 ಸೆಂ.ಮೀ.; ಮಾವಿನಹಣ್ಣಿಗೂ ಪೆನ್ಸಿಲಿಗೂ ಅದೇ ಸಾಕು. ಇರುವುದು ಅಲಗು, ಮರದ ಹಿಡಿ, ಕೀಲುಮೊಳೆ, ಎರಡು ಉಂಗುರ, ಒಟ್ಟು ಐದೇ ಭಾಗ. ಹೊರಗಿನ ಉಂಗುರವನ್ನು ತಿರುಗಿಸಿದರೆ ಅಲಗು ಅಲುಗದೆ ನಿಲ್ಲುತ್ತದೆ. ಇದನ್ನು ಸೇರಿಸಿದವನು ಜೋಸೆಫನ ಮಗ ಮಾರ್ಸೆಲ್, ಅದೂ 1955ರಲ್ಲಿ. ಅರವತ್ತೈದು ವರ್ಷ ಜನ ಮೆಚ್ಚಿ ಬಳಸಿದ ಅಪ್ಪನ ಚಾಕುವನ್ನು ಮಗ ಮತ್ತೆ ಕೈಗೆತ್ತಿಕೊಂಡು ತಿದ್ದಿದನಲ್ಲ, ನನ್ನ ಅಂಕ ಅದಕ್ಕೆ. ದೋಷವಿಲ್ಲವೆಂದಲ್ಲ. ಮರದ ಹಿಡಿ ತೇವ ಕುಡಿದರೆ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಹಿಡಿಯ ತುದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಡಿಸುವ ಉಪಾಯ ಸವಾಯ್ ಜನರಿಗೆ ಗೊತ್ತು. ನಮ್ಮ ಮಲೆನಾಡಿನ ಆಷಾಢಕ್ಕೆ ಆ ಉಪಾಯವನ್ನು ಕಲಿತೇ ಇದನ್ನು ಕೊಳ್ಳಬೇಕು.

ನಮ್ಮ ದೇಶದ್ದು ಯಾವುದೂ ಇಲ್ಲವೇ ಎಂದರೆ ಉತ್ತರ ಪ್ರದೇಶದ ರಾಂಪುರಿ ಇದೆ. ತೆರೆದೊಡನೆ ಬೀಗ ಬೀಳುವ ಅದರ ಕೀಲು ಕಸುಬುದಾರಿಕೆಗೆ ಸಾಕ್ಷಿ. ಅದನ್ನು ಕೆಡಿಸಿದ್ದು ಖ್ಯಾತಿ. ಹಿಂದಿ ಸಿನಿಮಾದ ರೌಡಿಗಳ ಕೈ ಸೇರಿ, ಹಣ್ಣು ಹೆಚ್ಚಬೇಕಾದ ಚಾಕು ಬೈಗುಳವಾಯಿತು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ 4.5 ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸಿದ ಮೇಲೆ ಕುಶಲಕರ್ಮಿಗಳು ಒಬ್ಬೊಬ್ಬರಾಗಿ ಕಸುಬು ಬಿಟ್ಟರು. 2023ರಲ್ಲಿ ರಾಂಪುರದ ಚೌಕದಲ್ಲಿ ದೈತ್ಯ ಚಾಕುವೊಂದನ್ನು ನಿಲ್ಲಿಸಿದರು. ಚಾಕುವಿಗೆ ಸ್ಮಾರಕವಾಯಿತು. ಊರಿನ ಹೆಸರು ಲೋಕಕ್ಕೆಲ್ಲ ಗೊತ್ತು, ಮಾಡಿದವರ ಹೆಸರು ಎಷ್ಟು ಜನರಿಗೆ ಗೊತ್ತು?

ಇನ್ನು ಮಡಿಚದ ಕತ್ತಿ. ಸ್ವೀಡನ್ನಿನ ಮೂರಾ ಎಂಬ ಊರಿನ, ಕೆಂಪು ಬಳಿದ ಬರ್ಚ್ ಮರದ ಹಿಡಿಯ ಕತ್ತಿಗೆ ಒಳ್ಳೆಯ ಹೆಸರಿದೆ. ಬಹುಪಾಲು ಮಾದರಿಗಳಲ್ಲಿ ಬಾಲ ಕಿರಿದೆಂದು ಕೆಲವರ ಆಕ್ಷೇಪ. ಅದನ್ನು ನಾನು ಒಪ್ಪುವುದಿಲ್ಲ. ಮರ ಕೆತ್ತುವ ಕತ್ತಿಯಿಂದ ಸೌದೆ ಸೀಳಲು ಹೋದರೆ ತಪ್ಪು ಕತ್ತಿಯದಲ್ಲ. ಕೂಲಿಯವನೂ ಕೊಳ್ಳಬಹುದಾದ ಬೆಲೆಗೆ ಒಳ್ಳೆಯ ಉಕ್ಕು ಕೊಡುವುದು ದೊಡ್ಡ ಗುಣ.

ಆದರೂ ಇಲ್ಲಿ ನನ್ನ ಮೊದಲ ಸ್ಥಾನ ನಮ್ಮೂರ ಕಡೆಯ ಕಮ್ಮಾರರಿಗೆ, ಅವರು ಮಾಡುವ ಮೆಟ್ಟುಗತ್ತಿಗೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯೇ ಅವರ ಉಕ್ಕು. ಕೆಂಪಗೆ ಕಾಯಿಸಿ, ಬಡಿದು, ಅದ್ದಿ, ಮತ್ತೆ ಹದವಾಗಿ ಕಾಯಿಸುತ್ತಾ ಬಣ್ಣ ತಿರುಗುವುದನ್ನು ಕಣ್ಣಲ್ಲೇ ಅಳೆಯುತ್ತಾರೆ. ಹೆಚ್ಚು ಗಡುಸಾದರೆ ಬಾಯಿ ಚಕ್ಕೆಯೇಳುತ್ತದೆ, ಮೆದುವಾದರೆ ಮಡಿಚಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ನಾವು ಪಾಕಕ್ಕೆ ಬಳಸುವ 'ಹದ' ಎಂಬ ಮಾತೇ ಕುಲುಮೆಯಲ್ಲೂ ಇದೆ, ಅರ್ಥವೂ ಬೇರೆಯಲ್ಲ. ಹಿಡಿ ಹಾಕುವ ಕತ್ತಿಯಾದರೆ ಬಾಲವನ್ನು ಕಾಯಿಸಿ ಮರವನ್ನು ಸುಟ್ಟುಕೊಂಡೇ ಒಳಗಿಳಿಸುತ್ತಾರೆ. ಬಾಯಿ ಸವೆದರೆ ಅದೇ ಕೈ ಮತ್ತೆ ತಟ್ಟಿಕೊಡುತ್ತದೆ. ಎಡಗೈಯವರಿಗೆಂದು ಹೇಳಿದರೆ ಅದಕ್ಕೆ ತಕ್ಕಂತೆ ಮಾಡಿಕೊಡುತ್ತಾರೆ. ಈ ಸೌಲಭ್ಯ ಯಾವ ಕಾರ್ಖಾನೆಗೂ ಸುಲಭವಲ್ಲ.

ನನ್ನ ತಕರಾರು ಒಂದೇ. ನಮ್ಮ ಮೆಟ್ಟುಗತ್ತಿಯ ಮೇಲೆ ಯಾವ ಗುರುತೂ ಇಲ್ಲ. ಒಪಿನೆಲ್ ಸತ್ತು ಎಷ್ಟೋ ಕಾಲವಾದರೂ ಅವನ ಹಿಡಿ ಉಬ್ಬುತ್ತದೆಂದು ನಾನಿಲ್ಲಿ ಜಗಳ ಆಡಬಲ್ಲೆ, ಉಂಗುರ ಚೆನ್ನಾಗಿದೆಯೆಂದು ಅವನ ಮಗನನ್ನು ಹೊಗಳಬಲ್ಲೆ. ನಮ್ಮ ಕಮ್ಮಾರರನ್ನು ಹೆಸರಿಟ್ಟು ಹೊಗಳುವವರೂ ಇಲ್ಲ, ತೆಗಳುವವರೂ ಇಲ್ಲ. ಹಾಗಾಗಿಯೇ ಕುಲುಮೆಯೊಂದು ಆರಿದ ಸುದ್ದಿ ನಮಗೆ ತಿಳಿಯುವುದು ಕತ್ತಿ ಮೊಂಡಾದ ದಿನ. ಮುಂದಿನ ಸಲ ಕತ್ತಿ ಮಾಡಿಸುವಾಗ ಹತ್ತು ರೂಪಾಯಿ ಹೆಚ್ಚು ಕೊಟ್ಟು, ಅಲಗಿನ ಬುಡದಲ್ಲಿ ನಿಮ್ಮದೊಂದು ಅಕ್ಷರ ಕೊರೆದುಕೊಡಿ ಎಂದು ಕೇಳಿ. ಅವರು ನಾಚಿಕೊಂಡು ಬೇಡವೆಂದಾರು. ಒತ್ತಾಯಿಸಿ.