ಜೀವಂಧರ ಚರಿತೆಯಲ್ಲಿ ಯಂತ್ರ, ಮಂತ್ರ ಮತ್ತು ರಾಜದ್ರೋಹ

ಮಿಡಿಗೇಶಿ ದುರ್ಗದಿಂದ ಈಶಾನ್ಯಾಭಿಮುಖವಾಗಿ ಮಡಕಶಿರೆಯ ಹಾದಿ ಹಿಡಿದರೆ ದೊರೆಯುವ ಪೆನುಗೊಂಡೆಯು ಇಂದು ಆಂಧ್ರಪ್ರದೇಶಕ್ಕೆ ಸೇರಿದ್ದರೂ ಜೈನ ಪರಂಪರೆಯ ಮಟ್ಟಿಗೆ ಮಧುಗಿರಿ, ಪಾವಗಡ ಸೀಮೆಗಳೊಡನೆ ಒಂದೇ ನೆಲ. ಡಿಲ್ಲಿ, ಕೊಲ್ಲಾಪುರ, ಜಿನಕಂಚಿಗಳೊಡನೆ ಪೆನುಗೊಂಡೆಯನ್ನೂ ವಿದ್ಯಾಸಿಂಹಾಸನವೆಂದು ಎಣಿಸುವುದು ರೂಢಿ. ಮಧುಗಿರಿಯ ಮಲ್ಲಿನಾಥ ಬಸದಿ, ನಿಡುಗಲ್ಲಿನ ಬೆಟ್ಟದ ಜೈನ ಶಾಸನಗಳು ಇದೇ ಪರಂಪರೆಯ ಕುರುಹುಗಳು. ಆ ಪೆನುಗೊಂಡೆಯ ಶಾಂತೀಶ್ವರ ಜಿನಾಲಯದಲ್ಲಿ 1424ರಲ್ಲಿ ಭಾಸ್ಕರ ಕವಿಯು ತನ್ನ ‘ಜೀವಂಧರ ಚರಿತೆ’ಯನ್ನು ಮುಗಿಸಿದನು. ಭಾಮಿನೀ ಷಟ್ಪದಿಯ 18 ಸಂಧಿಗಳ ಈ ಕೃತಿಗೆ ವಾದೀಭಸಿಂಹ ಸೂರಿಯ ಸಂಸ್ಕೃತ ಕಾವ್ಯವೇ ಆಕರ. ಕುಮಾರವ್ಯಾಸನ ಕಾಲವನ್ನು ಸಾಮಾನ್ಯವಾಗಿ 1430ರ ಸುಮಾರು ಎಂದು ಹೇಳುವ ವಾಡಿಕೆಯನ್ನು ನೆನೆದರೆ, ಅದೇ ಛಂದಸ್ಸಿನಲ್ಲಿ ಕಾಲ ಖಚಿತವಾಗಿ ತಿಳಿದಿರುವ ಈ ಜೈನ ಕಾವ್ಯಕ್ಕೆ ಸಾಹಿತ್ಯ ಚರಿತ್ರೆಗಳಲ್ಲಿ ಸಲ್ಲಬೇಕಾದ ಗಮನ ಸಂದಿಲ್ಲವೆಂದೇ ಹೇಳಬೇಕು.

ಕಥೆಯು ಪಂಡಿತರಿಗೆ ಪರಿಚಿತವೇ. ಗುಣಭದ್ರಾಚಾರ್ಯರ ಉತ್ತರಪುರಾಣದ 75ನೆಯ ಪರ್ವ, ವಾದೀಭಸಿಂಹನ ಕ್ಷತ್ರಚೂಡಾಮಣಿ ಮತ್ತು ಗದ್ಯಚಿಂತಾಮಣಿ, ಹರಿಚಂದ್ರನ ಜೀವಂಧರ ಚಂಪೂ, ತಮಿಳಿನಲ್ಲಿ ತಿರುತ್ತಕ್ಕದೇವರ ಜೀವಕ ಚಿಂತಾಮಣಿ ಇವೆಲ್ಲವೂ ಒಂದೇ ಕಥಾವೃಕ್ಷದ ಕೊಂಬೆಗಳು. ಕನ್ನಡದಲ್ಲಿ ಭಾಸ್ಕರನ ತರುವಾಯ ತೆರಕಣಾಂಬಿಯ ಬೊಮ್ಮರಸ ಸಾಂಗತ್ಯದಲ್ಲಿಯೂ ಕೋಟೀಶ್ವರ ಷಟ್ಪದಿಯಲ್ಲಿಯೂ ಇದನ್ನೇ ಹಾಡಿದ್ದಾರೆ. ಹಾರುವ ನವಿಲು, ಯಕ್ಷನು ಕೊಟ್ಟ ಮಂತ್ರ, ವೇಷಾಂತರ, ಮಂತ್ರಿಯ ದ್ರೋಹ, ಅಪಹೃತ ಸಿಂಹಾಸನ ಎಲ್ಲವೂ ಇದರಲ್ಲಿರುವ ಕಾರಣ ಆಧುನಿಕ ಓದುಗರು ಇದನ್ನು ಅದ್ಭುತ ಕಾದಂಬರಿಯೆಂದು ಕೊಂಡಾಡುವುದುಂಟು. ಧರ್ಮದೃಷ್ಟಿಯ ಓದುಗರು ಅದೇ ಅಂಶಗಳಿಗೆ ಸಂಕೋಚಪಟ್ಟು, ಅವನ್ನು ಬಾಲರಂಜನೆಯೆಂದು ಬದಿಗಿರಿಸಿ ವೈರಾಗ್ಯದ ಭಾಗಕ್ಕೆ ಅವಸರಿಸುವುದೂ ಉಂಟು. ಈ ಎರಡೂ ಓದುಗಳು ಅರ್ಧ ಓದುಗಳು. ಮಾಯೆಯನ್ನು ಕಥೆಯಿಂದ ಬೇರ್ಪಡಿಸಿದರೆ ಧರ್ಮವೂ ಕೈಬಿಟ್ಟುಹೋಗುವಂತೆ ಈ ಕಥೆಯ ಹೆಣಿಗೆಯಿದೆ.

ಮೊದಲು ದ್ರೋಹದ ವಿಚಾರ. ಹೇಮಾಂಗದ ದೇಶದ ರಾಜಪುರಿಯಲ್ಲಿ ಸತ್ಯಂಧರನು ರಾಣಿ ವಿಜಯೆಯ ಮೋಹದಲ್ಲಿ ಮುಳುಗಿ ರಾಜ್ಯಭಾರವನ್ನು ಕಾಷ್ಠಾಂಗಾರನಿಗೆ ಒಪ್ಪಿಸುತ್ತಾನೆ. ದೋಷವು ಮೊದಲು ಅರಸನದು, ಅನಂತರ ಮಂತ್ರಿಯದು. ಕಥೆಯು ಇದನ್ನು ಮರೆಮಾಚುವುದಿಲ್ಲ. ಕಾಷ್ಠಾಂಗಾರನು ದ್ರೋಹಕ್ಕೆ ತೊಡಗುವ ರೀತಿಯೇ ಗಮನಾರ್ಹವಾದುದು. ಅರಸನನ್ನು ಕೊಲ್ಲೆಂದು ಒಂದು ದೈವವು ತನ್ನನ್ನು ದಿನವೂ ಪೀಡಿಸುತ್ತಿದೆಯೆಂದು ಅವನು ಸಭೆಯಲ್ಲಿ ಹೇಳುತ್ತಾನೆ. ಧರ್ಮದತ್ತನೆಂಬ ಮಂತ್ರಿಯು ಅದನ್ನು ವಿರೋಧಿಸುತ್ತಾನೆ. ಮೈದುನ ಮಥನನು ಅನುಮೋದಿಸುತ್ತಾನೆ. ಇಷ್ಟು ಅದ್ಭುತಗಳಿರುವ ಈ ಕಥೆಯಲ್ಲಿ ಸುಳ್ಳಾದ ದೈವಪ್ರೇರಣೆ ಇದೊಂದೇ, ಅದೂ ದ್ರೋಹಿಯ ಬಾಯಲ್ಲಿ. ಮಾಯೆಯನ್ನು ನಂಬಿಸುವ ಕವಿಯೇ ಮಾಯೆಯ ಹೆಸರಿನ ವಂಚನೆಯನ್ನು ಮೊದಲಿಗೇ ಬಯಲಿಗಿಟ್ಟಿದ್ದಾನೆ. ಇದನ್ನು ಗಮನಿಸದೆ ಕಥೆಯನ್ನು ಬಾಲರಂಜನೆಯೆಂದವರು ರಾಜಪುರಿಯ ಸಭೆಯ ಈ ಪ್ರಸಂಗವನ್ನು ಮತ್ತೊಮ್ಮೆ ಓದುವುದು ಲೇಸು.

ಇನ್ನು ಮಯೂರಯಂತ್ರ. ರಾಣಿಯು ಕಂಡ ಕನಸಿನಲ್ಲಿ ಅಶೋಕವೃಕ್ಷವೊಂದು ಅಳಿದು, ಚಿನ್ನದ ಕಿರೀಟವನ್ನೂ ಎಂಟು ಮಾಲೆಗಳನ್ನೂ ಧರಿಸಿದ ಮತ್ತೊಂದು ಅಶೋಕವು ತಲೆಯೆತ್ತುತ್ತದೆ. ತನ್ನ ಅಳಿವನ್ನು ಅರಿತ ಅರಸನು ಗರ್ಭಿಣಿಯ ರಕ್ಷಣೆಗಾಗಿ ಆಗಸದಲ್ಲಿ ಚಲಿಸುವ ನವಿಲನ್ನು ಮಾಡಿಸುತ್ತಾನೆ. ಇದು ಮಂತ್ರವಲ್ಲ, ಯಂತ್ರ; ದೇವತೆಯ ವರವಲ್ಲ, ಶಿಲ್ಪಿಯ ಕೆಲಸ. ತಡವಾಗಿಯಾದರೂ ಎಚ್ಚೆತ್ತ ರಾಜನ ಮುಂದಾಲೋಚನೆಯ ಫಲ ಅದು. ಅದು ರಾಣಿಯನ್ನು ಸುರಕ್ಷಿತವಾದ ಅರಮನೆಗೆ ಒಯ್ಯುವುದಿಲ್ಲ, ಸ್ಮಶಾನದಲ್ಲಿ ಇಳಿಸುತ್ತದೆ. ಮನುಷ್ಯಪ್ರಯತ್ನವು ಎಲ್ಲಿಯವರೆಗೆ ಒಯ್ಯಬಲ್ಲುದು, ಕರ್ಮವು ಎಲ್ಲಿ ಇಳಿಸುತ್ತದೆ ಎಂಬುದು ಒಂದೇ ಚಿತ್ರದಲ್ಲಿ ಅಡಕವಾಗಿದೆ. ಸ್ಮಶಾನದಲ್ಲಿ ಮಗನು ಹುಟ್ಟುತ್ತಾನೆ. ತನ್ನ ಸತ್ತ ಕೂಸನ್ನು ತಂದ ವೈಶ್ಯ ಗಂಧೋತ್ಕಟನು ಬದುಕಿರುವ ಕೂಸನ್ನು ಎತ್ತಿಕೊಂಡು ಹಿಂದಿರುಗುತ್ತಾನೆ.

ಇಲ್ಲಿ ವಿಜಯೆಯ ನಡೆಯನ್ನು ಪ್ರತ್ಯೇಕವಾಗಿ ವಿವೇಚಿಸಬೇಕು. ಮಿಡಿಗೇಶಿಯ ಹೆಸರು ಪತಿಯೊಡನೆ ಅಗ್ನಿಪ್ರವೇಶ ಮಾಡಿದ ನೀಳಕೇಶದ ಅರಸಿಯಿಂದ ಬಂದಿತೆಂದು ಸ್ಥಳೀಯರ ಹೇಳಿಕೆ. ಕೋಟೆ ಬಿದ್ದಾಗ, ಪತಿ ಮಡಿದಾಗ ಅರಸಿಯು ಬೆಂಕಿಗೆ ಬೀಳುವುದೇ ಗೌರವವೆಂದು ಭಾವಿಸಿದ ನಾಡು ಇದು. ಊರೂರಿನ ಮಾಸ್ತಿಕಲ್ಲುಗಳೇ ಸಾಕ್ಷಿ. ಅದರ ನೆರೆಯಲ್ಲಿಯೇ ಷಟ್ಪದಿಗೆ ಬಂದ ಈ ಕಥೆಯ ರಾಣಿಯು ಬೆಂಕಿಗೆ ಬೀಳುವುದಿಲ್ಲ. ಪತಿಯ ಮರಣವನ್ನು ತಿಳಿದೂ ಬದುಕುತ್ತಾಳೆ, ಹೆರುತ್ತಾಳೆ, ದಂಡಕಾರಣ್ಯದ ತಾಪಸಾಶ್ರಮದಲ್ಲಿ ದಿನಗಳನ್ನು ಕಳೆಯುತ್ತಾಳೆ, ಮಗನ ಪಟ್ಟವನ್ನು ಕಂಡ ಮೇಲೆ ದೀಕ್ಷೆ ವಹಿಸುತ್ತಾಳೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅಗ್ನಿಪಾತವನ್ನು ಲೋಕಮೂಢತೆಗಳಲ್ಲಿ ಎಣಿಸಿರುವುದನ್ನು ಬಲ್ಲವರಿಗೆ ಇದು ಆಕಸ್ಮಿಕವಾಗಿ ತೋರಲಾರದು. ಸತ್ಯಂಧರನ ಮೋಹವು ರಾಜ್ಯವನ್ನು ಕಳೆಯಿತು; ವಿಜಯೆಯ ತಾಳ್ಮೆಯು ವಂಶವನ್ನು ಉಳಿಸಿತು. ಕಥೆಯ ನಿಜವಾದ ವೀರಪಾತ್ರ ಯಾವುದೆಂದು ಕೇಳಿದಲ್ಲಿ ಜೀವಂಧರನಿಗಿಂತ ಮೊದಲು ಆಕೆಯನ್ನು ಹೆಸರಿಸುವುದು ತಪ್ಪಾಗದು.

ಮಂತ್ರದ ಕಥೆ ಬೇರೆಯೇ ಆಗಿದೆ. ಹೋಮದ್ರವ್ಯವನ್ನು ಮುಟ್ಟಿದುದಕ್ಕಾಗಿ ಹೊಡೆತ ತಿಂದು ಸಾಯುತ್ತಿದ್ದ ನಾಯಿಗೆ ಜೀವಂಧರನು ಪಂಚನಮಸ್ಕಾರವನ್ನು ಕೇಳಿಸುತ್ತಾನೆ. ಆ ಜೀವವೇ ಸುದರ್ಶನನೆಂಬ ಯಕ್ಷೇಂದ್ರನಾಗಿ ಅವನಿಗೆ ನೆರವಾಗುತ್ತದೆ. ಯಕ್ಷನು ಕೊಡುವ ಮಂತ್ರಗಳು ಮೂರು: ಬೇಕಾದ ರೂಪ ತಾಳುವುದು, ಗಾನಸಿದ್ಧಿ, ವಿಷ ನಿವಾರಣೆ. ಇವು ಎಲ್ಲಿ ಬಳಕೆಯಾಗುತ್ತವೆಂದು ಎಣಿಸಿದರೆ ಕಥೆಯ ನಿಲುವು ಸ್ಪಷ್ಟವಾಗುತ್ತದೆ. ವಿಷಮಂತ್ರವು ಹಾವು ಕಚ್ಚಿದ ಪದ್ಮೆಯನ್ನು ಬದುಕಿಸುತ್ತದೆ. ಉಳಿದೆರಡು ಸುರಮಂಜರಿಯನ್ನು ಒಲಿಸಲು, ಮುದುಕನ ವೇಷದ ವಿನೋದದಲ್ಲಿ ವ್ಯಯವಾಗುತ್ತವೆ. ಸಿಂಹಾಸನಕ್ಕಾಗಿ ಒಂದು ಮಂತ್ರವೂ ಪ್ರಯೋಗವಾಗುವುದಿಲ್ಲ. ಕಾಷ್ಠಾಂಗಾರನ ರೂಪವನ್ನೇ ತಾಳಿ ಅರಮನೆಯನ್ನು ಹೊಗಬಹುದಾಗಿದ್ದ ನಾಯಕನು, ಒಂದು ವರ್ಷ ಯುದ್ಧ ಮಾಡಬಾರದೆಂದು ಗುರು ಆರ್ಯನಂದಿಯು ಗುರುದಕ್ಷಿಣೆಯಾಗಿ ಕೇಳಿ ಪಡೆದ ಮಾತಿಗೆ ಕಟ್ಟುಬಿದ್ದು, ಕೊಲೆಯ ಆಜ್ಞೆ ಬಂದಾಗಲೂ ಕೈಯೆತ್ತದೆ ನಿಲ್ಲುತ್ತಾನೆ. ರಾಜ್ಯವು ಮರಳಿ ಬರುವುದು ಸೋದರಮಾವ ಗೋವಿಂದರಾಜನ ನೀತಿಯಿಂದ, ಸೈನ್ಯದಿಂದ, ಬಹಿರಂಗ ಯುದ್ಧದಿಂದ. ಯಕ್ಷನು ಪಟ್ಟಾಭಿಷೇಕಕ್ಕೆ ಬರುತ್ತಾನೆ.

ಗೋವಿಂದರಾಜನ ಉಪಾಯವೂ ನಿರ್ಮಲವಲ್ಲವೆಂಬುದನ್ನು ಹೇಳದೆ ಬಿಡಲಾಗದು. ಸತ್ಯಂಧರನು ಮದಗಜದಿಂದ ಮಡಿದನೆಂದು ಕಾಷ್ಠಾಂಗಾರನು ಸುಳ್ಳು ಓಲೆ ಕಳುಹಿದರೆ, ಅದನ್ನು ನಂಬಿದಂತೆ ನಟಿಸಿ, ಸ್ನೇಹದ ಡಂಗುರ ಸಾರಿಸಿ, ಮಗಳು ಲಕ್ಷ್ಮಣೆಯ ಸ್ವಯಂವರದ ನೆಪದಲ್ಲಿ ಸೈನ್ಯ ಸಹಿತ ರಾಜಪುರಿಯನ್ನು ಸೇರುತ್ತಾನೆ. ಕಪಟಕ್ಕೆ ಪ್ರತಿಕಪಟ. ಸೋಮದೇವನ ನೀತಿವಾಕ್ಯಾಮೃತವನ್ನು ಬಲ್ಲ ಪರಂಪರೆಗೆ ಇದು ರಾಜನೀತಿಯಾಗಿ ಸಮ್ಮತವಾದೀತು. ಆದರೆ ಕಥೆಯು ಈ ಗೆಲುವನ್ನು ಅಂತಿಮವೆಂದು ಬಗೆಯುವುದಿಲ್ಲ. ಅರಸನಾದ ಜೀವಂಧರನು ಒಂದು ದಿನ ಉದ್ಯಾನದಲ್ಲಿ ಕೋತಿಯ ಕೈಯ ಹಲಸಿನ ಹಣ್ಣನ್ನು ತೋಟದ ಕಾವಲಿನವನು ಕಸಿದುಕೊಳ್ಳುವುದನ್ನು ಕಾಣುತ್ತಾನೆ. ಕಾಷ್ಠಾಂಗಾರನು ಆ ಕೋತಿಯಂತೆ, ತಾನು ಆ ಕಾವಲಿನವನಂತೆ ಎಂದು ಹೊಳೆದಾಗ ರಾಜ್ಯವೇ ಅವನಿಗೆ ಎಂಜಲಾಗಿ ತೋರುತ್ತದೆ. ನ್ಯಾಯವಾಗಿ ಮರಳಿ ಪಡೆದುದೂ ಕಸಿದುಕೊಂಡುದೇ ಎಂಬ ಈ ಅರಿವಿನ ಮುಂದೆ ಹಿಂದಿನ ಅದ್ಭುತಗಳೆಲ್ಲ ಮಂಕಾಗುತ್ತವೆ. ಹಿಂದಿನ ಭವದಲ್ಲಿ ಹಂಸದ ಮರಿಯನ್ನು ತಾಯ್ತಂದೆಗಳಿಂದ ಅಗಲಿಸಿದ ಕರ್ಮವೇ ಇಲ್ಲಿ ತಾಯ್ತಂದೆಗಳ ಅಗಲಿಕೆಯಾಗಿ ಒದಗಿತೆಂದು ತಿಳಿದಾಗ, ಮಯೂರಯಂತ್ರದ ಹಾರಾಟಕ್ಕೂ ಕಾರಣ ದೊರೆತಂತಾಗುತ್ತದೆ.

ಕಥೆಯ ನಡುಭಾಗವು ಇಷ್ಟು ಬಿಗಿಯಾಗಿಲ್ಲ. ಕನಸಿನ ಎಂಟು ಮಾಲೆಗಳಿಗೆ ಸರಿಯಾಗಿ ಎಂಟು ಮದುವೆಗಳಾಗಬೇಕಾದುದರಿಂದ ಊರು, ಸಂಕಟ, ಪರಿಹಾರ, ವಿವಾಹ ಎಂಬ ಕ್ರಮವು ಮರುಕಳಿಸುತ್ತದೆ. ಗಂಧರ್ವದತ್ತೆಯ ವೀಣಾಸ್ಪರ್ಧೆಗೆ ಇರುವ ಸೊಬಗು ವಿಮಲೆಯ ವಿವಾಹಕ್ಕಿಲ್ಲ. ತಮಿಳು ಪರಂಪರೆಯು ತನ್ನ ಕೃತಿಯನ್ನು ಮದುವೆಯ ಗ್ರಂಥವೆಂದೇ ಕರೆದು ಈ ಬಾಹುಳ್ಯವನ್ನು ಗುಣವಾಗಿ ಸ್ವೀಕರಿಸಿದೆ. ವಾದೀಭಸಿಂಹನಾದರೋ ಕ್ಷತ್ರಚೂಡಾಮಣಿಯಲ್ಲಿ ಶ್ಲೋಕದ ಉತ್ತರಾರ್ಧದಲ್ಲಿ ನೀತಿವಾಕ್ಯವನ್ನು ಇರಿಸುತ್ತ ಹೋಗಿ ಕಥೆಯ ಓಟಕ್ಕೆ ಹೆಜ್ಜೆಹೆಜ್ಜೆಗೂ ಕಡಿವಾಣ ಹಾಕಿದ್ದಾನೆ. ಷಟ್ಪದಿಯು ಅಂತಹ ಕಡಿವಾಣವನ್ನು ಸಹಿಸುವ ಛಂದಸ್ಸಲ್ಲ. ಆರು ಸಾಲುಗಳ ಓಟವು ಕಥೆಯನ್ನೇ ಮುಂದೂಡುತ್ತದೆ, ಗಮಕಿಯ ಕಂಠಕ್ಕೆ ಒಗ್ಗುತ್ತದೆ. ನೀತಿಯನ್ನು ಪಂಡಿತನಿಗೆ ಹೇಳಿದ ಕಾವ್ಯವು ಹೀಗೆ ಕೇಳುಗರ ಕಥೆಯಾಯಿತು.

ಹಸ್ತಪ್ರತಿಗಳನ್ನು ಕೂಡಿಸಿ ನೋಡುವವರಿಗೆ ಇದರಿಂದ ಒಂದು ಪ್ರಯೋಜನವೂ ಇದೆ. ಓಲೆಗರಿಯಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘ ಭೇದವು ಸಾಮಾನ್ಯವಾಗಿ ತೋರದು. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳ 23 ಮಾತ್ರೆ, ಜೊತೆಗೆ ದ್ವಿತೀಯಾಕ್ಷರ ಪ್ರಾಸ ಇವು ಲಿಪಿಕಾರನ ಕೈತಪ್ಪನ್ನು ಹಿಡಿದುಕೊಡುತ್ತವೆ. ಆದರೆ ಛಂದಸ್ಸು ಕೆಡದಂತೆ ಸೇರಿದ ಅಥವಾ ಬಿಟ್ಟುಹೋದ ಇಡೀ ಪದ್ಯವನ್ನು ಮಾತ್ರೆಯ ಲೆಕ್ಕವು ತೋರಿಸಲಾರದು. ಅಲ್ಲಿ ಕಥೆಯ ನಿಲುವೇ ಒರೆಗಲ್ಲಾಗಬೇಕು. ಜೀವಂಧರನು ಮಂತ್ರಬಲದಿಂದ ರಾಜ್ಯವನ್ನು ಪಡೆದನೆಂದು ಹೇಳುವ ಪದ್ಯವು ಯಾವುದಾದರೂ ಪ್ರತಿಯಲ್ಲಿ ಕಂಡುಬಂದಲ್ಲಿ, ಅದರ ಪ್ರಾಸ ಎಷ್ಟೇ ಶುದ್ಧವಾಗಿದ್ದರೂ, ಸಂಪಾದಕನು ಅದನ್ನು ಮೂಲದ ಸಾಲಿಗೆ ಸೇರಿಸುವ ಮುನ್ನ ಉಳಿದ ಪ್ರತಿಗಳನ್ನೆಲ್ಲ ತೆರೆದು ನೋಡತಕ್ಕದ್ದು.