ಕುಡ್ಲ, ಮಂಗಳೂರು ಮತ್ತು ಒಂದು ಳಕಾರ

ಮಂಗಳೂರಿಗೆ ಊರೊಳಗೂ ಹೊರಗೂ ಹಲವು ಹೆಸರು. ತುಳುವರಿಗೆ ಅದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಗಡಿಯಾಚೆಯ ಮಲಯಾಳಿಗಳಿಗೆ ಮಂಗಲಾಪುರಂ. ಇವುಗಳಲ್ಲಿ ನೆಲಕ್ಕೆ ಅಂಟಿಕೊಂಡ ಹೆಸರೆಂದರೆ ಕುಡ್ಲ. ನೇತ್ರಾವತಿಯೂ ಫಲ್ಗುಣಿ ಎಂದೂ ಕರೆಸಿಕೊಳ್ಳುವ ಗುರುಪುರ ನದಿಯೂ ಇಲ್ಲಿ ಒಂದಾಗಿ ಒಂದೇ ಅಳಿವೆಬಾಗಿಲಿನಿಂದ ಕಡಲು ಸೇರುತ್ತವೆ. ನದಿಗಳು ಕೂಡುವ ಜಾಗ ಕೂಡಲ. ಅದೇ ಕುಡ್ಲವಾಯಿತೆಂಬುದು ಸಾಮಾನ್ಯ ವಿವರಣೆ. ತುಂಗೆ, ಭದ್ರೆಯರು ಸೇರುವಲ್ಲಿ ಕೂಡಲಿ ಇರುವಾಗ ಈ ಮಾತನ್ನು ತಳ್ಳಿಹಾಕುವುದು ಕಷ್ಟ.

ಮಂಗಳೂರು ಎಂಬುದಕ್ಕೆ ಆಧಾರ ಬೋಳಾರದ ಮಂಗಳಾದೇವಿ. ರಾಜ್ಯ ತೊರೆದು ನಾಥಪಂಥದ ಗುರು ಮತ್ಸ್ಯೇಂದ್ರನಾಥರ ಜೊತೆ ಬಂದ ಕೇರಳದ ರಾಜಕುಮಾರಿಯೇ ಈ ದೇವಿ ಎಂದು ಸ್ಥಳಪುರಾಣ. ಊರಿನ ಕದ್ರಿಯಲ್ಲಿ ಅದೇ ಪಂಥದ ಜೋಗಿಮಠ ಇಂದಿಗೂ ಇರುವುದರಿಂದ ಕಥೆಗೆ ಹಿನ್ನೆಲೆಯಂತೂ ಇದೆ. ಇತಿಹಾಸವೆಂದು ಒಪ್ಪಲು ಅಷ್ಟೇ ಸಾಲದು.

ಉಚ್ಚಾರದ ಸಂಗತಿಯೇ ಹೆಚ್ಚು ಸ್ವಾರಸ್ಯದ್ದು. ಸಂಸ್ಕೃತದ ಮಂಗಲ ಕನ್ನಡದ ಬಾಯಲ್ಲಿ ಮಂಗಳವಾಗುತ್ತದೆ. ಮಲಯಾಳದ ಮಂಗಲಾಪುರಂನಲ್ಲಿ ಲಕಾರ ಹಾಗೆಯೇ ಉಳಿದಿದೆ. ಕನ್ನಡದ ಈ ಳಕಾರ ಪರದೇಶದವರಿಗೆ ದಕ್ಕಲಿಲ್ಲ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವ್ಯಾಪಾರಿ ಕಾಸ್ಮಸ್ ಗ್ರೀಕಿನಲ್ಲಿ ಬರೆದದ್ದು ಮಂಗರೂಥ್. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನಲ್ಲಿ ಅದು ಮಂಜರೂರ್. ಅರಬ್ಬಿಯಲ್ಲಿ ಗಕಾರಕ್ಕೆ ಅಕ್ಷರವಿಲ್ಲದೆ ಜಕಾರ ಬಂದದ್ದು ಸರಿ, ಆದರೆ ಇಬ್ಬರಲ್ಲೂ ರಕಾರ ಕಾಣುವುದು ನಾಲಿಗೆ ಮಡಿಸಿ ನುಡಿಯುವ ಳಕಾರವನ್ನು ಹಿಡಿಯಲು ಹೋದದ್ದರ ಗುರುತಿರಬಹುದು. ಪೋರ್ಚುಗೀಸರು ಲಕಾರದಲ್ಲೇ ತೃಪ್ತರಾದರು. ಊರು ಓರ್ ಆಯಿತು. ಇಂಗ್ಲಿಷರು ಮೊದಲ ಅಕ್ಷರವನ್ನೂ 'ಮ್ಯಾ' ಮಾಡಿ, ಒತ್ತನ್ನು ಕೊನೆಗೆ ಹಾಕಿ 'ಮ್ಯಾಂಗಲೋರ್' ಎಂದರು. ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚುಗಳ ಬೆನ್ನಿಗೆ ಅಚ್ಚಾದ ಈ ಇಂಗ್ಲಿಷ್ ರೂಪ ಹಡಗು ಹತ್ತಿ ದೂರದೂರದ ಮಾಡುಗಳನ್ನೇರಿತು.

2014ರ ನವೆಂಬರ್ 1ರಂದು ಇಂಗ್ಲಿಷ್ ಬರಹವೂ 'ಮಂಗಳೂರು' ಎಂದು ತಿದ್ದಿಕೊಂಡಿತು. ಆದರೂ ಆ ಲಿಪಿಯಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಹೊರಗಿನವರು ಈಗಲೂ 'ಮಂಗಲೂರು' ಎನ್ನುತ್ತಾರೆ. ಸರಿಯಾದ ಉಚ್ಚಾರಕ್ಕೆ ನಾಲಿಗೆಯ ತುದಿ ಹಿಂದಕ್ಕೆ ಮಡಿಯಬೇಕು, 'ಳೂ' ದೀರ್ಘವಾಗಬೇಕು, ಕೊನೆಯ ಉಕಾರ ಕೇಳಿಸಬೇಕು. ಮಾತಿನ ಓಟದಲ್ಲಿ ಗಕಾರದ ಸ್ವರ ಜಾರಿ 'ಮಂಗ್ಳೂರು' ಆಗುವುದು ತಪ್ಪೇನಲ್ಲ. ಕನ್ನಡಿಗರ ಆಡುನುಡಿ ಬಹುಪಾಲು ಹಾಗೆಯೇ.