‘ಸಂಸ್ಕಾರ’ದ ಇಲಿಗಳು

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ಕುರಿತು ಕನ್ನಡದಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಧರ್ಮವೆಂದರೇನು, ಪ್ರಾಣೇಶಾಚಾರ್ಯರು ಜಾರಿದರೋ ಎಚ್ಚೆತ್ತರೋ ಎಂಬ ವಾದ ಇನ್ನೂ ಮುಗಿದಿಲ್ಲ. ಈ ಗದ್ದಲದಲ್ಲಿ ಒಂದು ಬಡಪ್ರಾಣಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನಗೆ ತೋರುತ್ತದೆ. ಅದು ಇಲಿ.

ಶಿವಮೊಗ್ಗೆಯಿಂದ ಜ್ವರ ತಂದ ನಾರಣಪ್ಪ ಗಡ್ಡೆಯೆದ್ದು ಸಾಯುತ್ತಾನೆ. ದೂರ್ವಾಸಪುರದ ಅಗ್ರಹಾರದಲ್ಲಿ ಇಲಿಗಳು ಬೀಳತೊಡಗುತ್ತವೆ. ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಲಕ್ಷಣಗಳೆಲ್ಲ ಕಣ್ಣೆದುರಿಗೇ ಇವೆ. ಆದರೆ ಅಲ್ಲಿನ ಬ್ರಾಹ್ಮಣರಿಗೆ ಕಾಣುವುದು ರೋಗವಲ್ಲ, ಅಪಶಕುನ. ಹೆಣ ಸಂಸ್ಕಾರವಿಲ್ಲದೆ ಬಿದ್ದಿರುವ ದೋಷ. ಜಾಗಟೆ ಬಡಿದು, ಶಂಖ ಊದಿ ಹದ್ದುಗಳನ್ನು ಅಟ್ಟುತ್ತಾರೆ. ಆಚಾರ್ಯರು ಮಾರುತಿಯ ಪ್ರಸಾದಕ್ಕಾಗಿ ಕಾಯುತ್ತಾರೆ. ಉಳಿದವರು ಕೈಮರಕ್ಕೆ, ಅಲ್ಲಿಂದ ಮಠಕ್ಕೆ ನಡೆಯುತ್ತಾರೆ. ವೈದ್ಯನನ್ನು ಕರೆಯೋಣವೆಂದು ಅವರಲ್ಲಿ ಒಬ್ಬರಿಗೂ ಹೊಳೆಯುವುದಿಲ್ಲ.

ನಮ್ಮ ಜನ ನಿಜವಾಗಿ ಹೀಗೆಯೇ ಇದ್ದರೆ? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಜನ ಅದನ್ನು ಮಾರಿಯೆಂದು ಕರೆದರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಆದರೆ ಅದೇ ಜನ, ಇಲಿ ಬಿತ್ತೆಂದು ತಿಳಿದೊಡನೆ ಮನೆಗೆ ಬೀಗ ಹಾಕಿ, ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನೂ ಕಲಿತರು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಈ ರೋಗದ ಕ್ರಿಮಿಯನ್ನು ಕಂಡ. 1898ರಲ್ಲಿ ಕರಾಚಿಯಲ್ಲಿ ಸಿಮಾಂಡ್ ಅದು ಇಲಿಯ ಚಿಗಟದಿಂದ ಹರಡುವುದೆಂದು ತೋರಿಸಿದ. ನಮ್ಮ ರೈತನಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಇಲಿ ಸತ್ತ ಮನೆಯಲ್ಲಿ ಮಲಗಬಾರದೆಂಬುದು ಮಾತ್ರ ಗೊತ್ತಿತ್ತು. ರೋಗ ಏಕೆ ಬಂತೆಂದು ಅವನು ದೇವಿಯನ್ನು ಕೇಳಿದ. ಏನು ಮಾಡಬೇಕೆಂದು ಅನುಭವವನ್ನು ಕೇಳಿದ. ಹಳೆಯ ಕಾಲದ ಚಿಕಿತ್ಸೆಯಲ್ಲಿ ಈ ಎರಡು ಪ್ರಶ್ನೆಗಳೂ ಜೊತೆಜೊತೆಯಾಗಿ ಬದುಕಿದ್ದವು. ಬರಿಯ ಮೌಢ್ಯವೆಂದು ಅದನ್ನು ತಳ್ಳಿಹಾಕುವುದು ಅನ್ಯಾಯ.

ಹಾಗಾದರೆ ಇಡೀ ಅಗ್ರಹಾರದಲ್ಲಿ ಒಬ್ಬನಿಗೂ ಇಲಿಯ ಸುದ್ದಿ ತಿಳಿಯದೆ ಹೋಯಿತೇ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪಕ್ಕೆ ಕಾದಂಬರಿಯಲ್ಲೇ ಉತ್ತರವಿದೆ. ದೂರ್ವಾಸಪುರದವರಿಗೆ ಕೊರತೆಯಿದ್ದದ್ದು ತಿಳಿವಳಿಕೆಯದಲ್ಲ. ಎಲ್ಲಕ್ಕೂ ಶಾಸ್ತ್ರದಲ್ಲಿ ಉತ್ತರವಿದೆಯೆಂದು ನಂಬಿದವರು ಅಂಗಳದಲ್ಲಿ ಬಿದ್ದದ್ದನ್ನು ಬಗ್ಗಿ ನೋಡುವುದಿಲ್ಲ. ಪಾರಿಜಾತಪುರದ ಮಂಜಯ್ಯನಿಗೆ ಶಿವಮೊಗ್ಗೆಯ ಪ್ಲೇಗಿನ ವೃತ್ತಪತ್ರಿಕೆಯ ಸುದ್ದಿ ನೆನಪಾಗುತ್ತದೆ, ಆತ ನಡುಗುತ್ತಾನೆ. ಇಷ್ಟು ಪಾಂಡಿತ್ಯ ಮಾಡಲಾರದ್ದನ್ನು ಪತ್ರಿಕೆಯ ಒಂದು ಸುದ್ದಿ ಮಾಡುತ್ತದೆ. ಅನಂತಮೂರ್ತಿಯವರು ಇದನ್ನು ಒತ್ತಿ ಹೇಳುವುದಿಲ್ಲ. ಅದು ಅವರ ಸಂಯಮ.

ನನ್ನ ತಕರಾರು ಕಾದಂಬರಿಗಿಂತ ಹೆಚ್ಚಾಗಿ ನಮ್ಮ ಓದಿನ ಮೇಲೆ. ಪ್ಲೇಗು ಕೊಳೆತ ಬ್ರಾಹ್ಮಣ್ಯದ ಸಂಕೇತವೆಂದು ಹೇಳಿ ನಾವು ಸುಮ್ಮನಾಗುತ್ತೇವೆ. ಹಾಗಾದರೆ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಭಾಗೀರಥಿ ಯಾವ ಕೊಳೆತಕ್ಕೆ ಸತ್ತಳು? ಅಗ್ರಹಾರದ ಹೊರಗೆ ಗುಡಿಸಲಿನಲ್ಲಿ ಸತ್ತ ಬೆಳ್ಳಿಯ ತಂದೆತಾಯಿಯರಿಗೂ ನಾರಣಪ್ಪನ ಸಂಸ್ಕಾರಕ್ಕೂ ಏನು ಸಂಬಂಧ? ಚಿಗಟ ಜಾತಿಯನ್ನು ಕೇಳಿ ಕಚ್ಚುವುದಿಲ್ಲ. ಸಾವಿಗೆಲ್ಲ ನೈತಿಕವಾದ ಕಾರಣ ಹುಡುಕುವ ವಿಮರ್ಶಕ ತನಗೆ ತಿಳಿಯದೆಯೇ ದೂರ್ವಾಸಪುರದ ಜಗುಲಿಯ ಮೇಲೆ ಕುಳಿತಿರುತ್ತಾನೆ. ಲೇಖಕರೂ ಇಂಥ ಓದಿಗೆ ಸ್ವಲ್ಪ ಆಸೆ ಹುಟ್ಟಿಸುತ್ತಾರೆಂಬುದನ್ನು ಒಪ್ಪಬೇಕು. ನಾರಣಪ್ಪನ ಹೆಣವನ್ನೂ ಸಾಲು ಸಾವುಗಳನ್ನೂ ಅಷ್ಟು ಹತ್ತಿರ ಇಟ್ಟರೆ ಓದುಗನ ಮನಸ್ಸು ಶಾಪವೆನ್ನುವ ಕಡೆಗೆ ವಾಲದೆ ಇರುವುದು ಕಷ್ಟ.

ಈ ಮಾತಿಗೆ ಸಾಹಿತ್ಯದ ಹೊರಗೂ ಬೆಲೆಯಿದೆ. 2020ರಲ್ಲಿ ಕೊರೋನಾ ಬಂದಾಗ, ಹೇಗೆ ಹರಡುತ್ತದೆಂಬ ಪ್ರಶ್ನೆಯಷ್ಟೇ ಜೋರಾಗಿ ಯಾರ ತಪ್ಪಿನಿಂದ ಬಂತೆಂಬ ಪ್ರಶ್ನೆಯೂ ಎದ್ದಿತು. ಔಷಧ ಹೊಸದಾದರೂ ರೋಗಿಯ ಮೇಲೆ ಅಪರಾಧ ಹೊರಿಸುವ ಚಟ ಹಳೆಯದೇ. ‘ಸಂಸ್ಕಾರ’ವನ್ನು ಮತ್ತೊಮ್ಮೆ ಓದುವವರು ಆಚಾರ್ಯರ ಹಿಂದೆ ಹೋಗುವ ಮೊದಲು, ಅಂಗಳದಲ್ಲಿ ಬಿದ್ದ ಇಲಿಯ ಬಳಿ ಒಂದು ನಿಮಿಷ ನಿಲ್ಲಲಿ.